ಹೊಳೆಯಾಚೆಯ ಉರ್ದು ಶಾಲೆ

ನನ್ನ ಮಗಳು ನೀಲಮ್ಮ ಯಾವ ಪುಸ್ತಕ ಕೊಟ್ಟರೂ ಹಿಂದಿನ ರಟ್ಟಿನಿಂದ ತೆರೆಯುತ್ತಾಳೆ. ನೋಡಿದವರು ನಗುತ್ತಾರೆ. ಅವಳು ಪರದೇಶದಲ್ಲಿ ಓದಿ ಬಂದವಳೆಂದು ಅವರಿಗೆ ಗೊತ್ತಿಲ್ಲ.

ಪರದೇಶಕ್ಕೆ ಹಡಗೇ ಹತ್ತಬೇಕೆಂದಿಲ್ಲ. ಆ ವರ್ಷ ಮಾನ್ವಿಯವರಾದ ನಮಗೆ ತುಂಗಭದ್ರೆಯ ಆಚೆ ದಂಡೆಯೇ ಪರದೇಶ. ಈಚೆ ನಿಜಾಮರ ರಾಜ್ಯ, ಆಚೆ ಹೊಸದಾಗಿ ಸ್ವತಂತ್ರವಾದ ದೇಶ. ನಿಜಾಮರ ಪರವಾದ ಬಂದೂಕಿನವರು ಹಳ್ಳಿಗಳಿಗೆ ನುಗ್ಗತೊಡಗಿದಾಗ ಹರಿಗೋಲಿನಲ್ಲಿ ದಾಟಿದೆವು. ನಡುಹೊಳೆಯಲ್ಲಿ ತಿರುಗಿ ನೋಡಿದಾಗ ಹೊಗೆ ಕಂಡಿತು. ಯಾವ ಊರಿನದೆಂದು ತಿಳಿಯದು, ತಿಳಿಯದ್ದನ್ನು ಬರೆಯುವುದಿಲ್ಲ.

ಆದವಾನಿಯ ಹತ್ತಿ ಸಾಹುಕಾರರೊಬ್ಬರು ತಮ್ಮ ಗೋದಾಮಿನ ಅರ್ಧ ಭಾಗ ಬಿಟ್ಟುಕೊಟ್ಟರು. ಪರಸ್ಥಳಕ್ಕೆ ಹೋದ ಜನ ಮೊದಲು ಒಲೆ ಹೂಡುತ್ತಾರೆ, ಆಮೇಲೆ ಶಾಲೆ. ನಮ್ಮೊಡನೆ ಬಂದಿದ್ದ ಬಸಯ್ಯ ಮಾಸ್ತರರು ಹತ್ತಿಯ ಅಂಡಿಗೆಗಳ ನಡುವೆ ಮಕ್ಕಳನ್ನು ಕೂಡಿಸಿ ಮಾನ್ವಿಯ ಪಾಠಗಳನ್ನೇ ಮುಂದುವರಿಸಿದರು. ಮಾನ್ವಿಯ ಪಾಠವೆಂದರೆ ಬಲದಿಂದ ಎಡಕ್ಕೆ ಓದುವ ಉರ್ದು. ಭೂಗೋಳವೂ ಉರ್ದು, ಮಗ್ಗಿಯೂ ಉರ್ದು.

ಮಗ್ಗಿ ಬೀದಿಗೆ ಕೇಳಿಸಿ ಸಾಹುಕಾರರು ಬಾಗಿಲಿಗೆ ಬಂದರು. "ಯಾರಿಗಂಜಿ ಓಡಿ ಬಂದೀರೋ ಅವರ ಭಾಷಾನ ಕಲಸಾಕತ್ತೀರಲ್ರೀ ಮಾಸ್ತರ?"

"ನಾವು ಅಂಜಿದ್ದು ಬಂದೂಕಿಗ್ರೀ, ಭಾಷಾಕ್ಕಲ್ಲ. ನಾಳೆ ಊರಿಗೆ ಹೋದಾಗ ಈ ಮಕ್ಕಳನ್ನ ಮತ್ತ ಒಂದನೆ ಜಮಾತಿಗೆ ಕೂಡಿಸಿದ್ರ ಏನ್ ಮಾಡೂಣ?"

ನನಗೆ ಸಾಹುಕಾರರ ಮಾತೇ ಸರಿಯೆನಿಸಿತು. ಕನ್ನಡವನ್ನೇ ಕಲಿಸೋಣವೆಂದೆ, ಗಂಡಸರೆಲ್ಲ ಹೂಂಗುಟ್ಟಿದರು. ಅಕ್ಷರ ಬಾರದ ನನ್ನ ಹೆಂಡತಿ ರೊಟ್ಟಿ ತಟ್ಟುತ್ತಲೇ ಹೇಳಿದಳು: "ಪಾಠ ಬದಲಾತಂದ್ರ ನಾವು ಊರಿಗೆ ಹೋಗೂದಿಲ್ಲಂತ ಆತು. ಅದ ಇರ್ಲಿ."

ಉರ್ದು ಉಳಿಯಿತು. ಸಾಹುಕಾರರೂ ಮತ್ತೆ ಕೇಳಲಿಲ್ಲ. ನನ್ನ ಹೆಂಡತಿಯ ಮಾತು ಅವರ ಮನೆಯ ಹೆಂಗಸರ ಕಿವಿಗೂ ಬಿದ್ದಿರಬೇಕು. ಒಂದು ಶಬ್ದವೂ ತಿಳಿಯದ ಮಗ್ಗಿಯನ್ನು ನಮ್ಮ ಹೆಂಗಸರು ಕೆಲಸ ನಿಧಾನಿಸಿ ಕೇಳುತ್ತಿದ್ದರು. ಮಾಸ್ತರರಿಗೆ ಜ್ವರ ಬಂದು ಮಗ್ಗಿ ನಿಂತಾಗ, ಊರಿಗೆ ಮರಳಲೆಂದು ಕಟ್ಟಿಟ್ಟಿದ್ದ ಗಂಟನ್ನು ಒಬ್ಬಾಕೆ ಬಿಚ್ಚಿ ಪಾತ್ರೆಗಳನ್ನು ಗೋಡೆಗೆ ಜೋಡಿಸಿಟ್ಟಳು. ಮಾಸ್ತರರು ಎದ್ದು ಕುಳಿತ ಮೇಲೆ ಮತ್ತೆ ಕಟ್ಟಿದಳು.

ನಿಜಾಮರ ಆಳ್ವಿಕೆ ಮುಗಿಯಿತು, ಮಾನ್ವಿಗೆ ಬಂದೆವು. ಸ್ವಲ್ಪ ದಿನಗಳಲ್ಲೇ ಶಾಲೆ ಕನ್ನಡಕ್ಕೆ ತಿರುಗಿತು. ಅಷ್ಟೆಲ್ಲ ಉರ್ದು ಓದಿದ ನೀಲಮ್ಮನನ್ನು ಅಕ್ಷರ ತಿದ್ದಲು ಚಿಕ್ಕವರ ಸಾಲಿನಲ್ಲಿ ಕೂಡಿಸಿದರು. ಮಾಸ್ತರರು ಅಂಜಿದ್ದೇ ಆಯಿತು.

ಅವತ್ತೇ ನಾನು ಹೇಳಿರಲಿಲ್ಲವೇ ಎಂದು ಹೆಂಡತಿಗೆ ನೆನಪಿಸಿದೆ. ಸರಿಯಾದದ್ದನ್ನು ಹೇಳಿದವರಿಗೆ ಈ ಚಟ ಬೇಗ ಹತ್ತುತ್ತದೆ. ಹೊಸ್ತಿಲಲ್ಲಿ ಕುಳಿತ ಮಗಳು ಹೊಸ ಕನ್ನಡ ಪುಸ್ತಕವನ್ನು ಹಿಂದಿನಿಂದ ತೆರೆದಿದ್ದಳು. ಅದನ್ನೂ ತೋರಿಸಿದೆ.

"ಯಾವ ಕಡಿಂದರ ತೆರೀಲಿ," ಅಂದಳು ಹೆಂಡತಿ. "ಮನ್ಯಾಗ ಕುಂತು ತೆರ್ಯಾಕತ್ತಾಳಲ್ಲ."

ಮಗಳು ಕೊನೆಯ ಪುಟದಿಂದ ಒಂದೊಂದೇ ಹಾಳೆ ತಿರುವುತ್ತ ಮೊದಲಿಗೆ ಬರುತ್ತಿದ್ದಳು.