ಡಾಕ್ಟರರು ಮಾತು ಕಲಿತದ್ದು

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಬಬಲೇಶ್ವರದ ಕಡೆ ಡಯಾಲಿಸಿಸ್ ಯಂತ್ರವಿರಲಿಲ್ಲ. ಕಿಡ್ನಿ ಕೆಟ್ಟ ಗಂಡನನ್ನು ಬಸ್ಸಿನಲ್ಲಿ ವಿಜಯಪುರಕ್ಕೆ ಒಯ್ಯುತ್ತಿದ್ದೆ. ರೋಗಿಗಳ ಪರವಾಗಿ ದೊಡ್ಡವರ ಮುಂದೆ ಮಾತಾಡುವುದು ಹೇಗೆಂದು ನಮ್ಮೂರ ಡಾಕ್ಟರರು ತರಬೇತಿ ಪಡೆದು ಬಂದರು. ಜಿಲ್ಲೆಯ ಆರೋಗ್ಯ ಇಲಾಖೆಯ ದೊಡ್ಡ ಸಾಹೇಬರನ್ನು ಊರಿಗೆ ಕರೆಸಿ, ನನ್ನನ್ನೂ ವೇದಿಕೆ ಹತ್ತಿಸಿದರು.

“ಅಮ್ಮಾ, ಕಷ್ಟ ಹೇಳೂ ಮುಂದ ಸ್ವಲ್ಪ ಅಳ್ರಿ,” ಎಂದು ಡಾಕ್ಟರರು ಕಿವಿಯಲ್ಲಿ ಉಸುರಿದರು.

“ಅಳೂದನ್ನೂ ಕಲಿಸ್ಯಾರೇನ್ರಿ ಯಪ್ಪಾ ನಿಮಗ? ಯಂತ್ರ ಬೇಕಂತ ಮೊದಲ ನೀವು ಹೇಳ್ರಿ.”

ಹೇಳಿದರು, ಪಾಪ. ಸಾಹೇಬರ ದೊಡ್ಡ ಮನಸ್ಸು, ಸಾಹೇಬರ ಸರಳತೆ ಎಲ್ಲ ಹೇಳಿ ಶಾಲು ಹೊದಿಸುವಷ್ಟರಲ್ಲಿ ಸಾಹೇಬರಿಗೆ ಊಟದ ಹೊತ್ತಾಯಿತು. ಯಂತ್ರದ ಸುದ್ದಿಯೇ ಬರಲಿಲ್ಲ. ಒಳ್ಳೇ ತರಬೇತಿ!

ಮರುದಿನ ಬೆಳಿಗ್ಗೆ ಗಂಡನನ್ನು ವಿಜಯಪುರದಲ್ಲಿ ಆ ಸಾಹೇಬರ ಕಚೇರಿ ಬಾಗಿಲಿಗೆ ಅಡ್ಡ ಕೂರಿಸಿ, “ಬರ್ರಿ ಸಾಹೇಬ್ರ, ಈಗ ಮಾತಾಡೂಣು,” ಎಂದೆ.