ಹೊಸ್ತಿಲ ಪ್ರಾರ್ಥನೆ

ರಜೆ ಮುಗಿಸಿ ಬಂದು ಇವತ್ತು ಘಾಜಿಯಾಬಾದಿನ ಮನೆಯ ಬೀಗ ತೆಗೆದಾಗ, ಮುಚ್ಚಿಟ್ಟ ಮನೆಯ ಅದೇ ಹಳೆಯ ವಾಸನೆ ಮೂಗಿಗೆ ಬಡಿಯಿತು.

ಚಿಕ್ಕಂದಿನಲ್ಲಿ ಉಡುಪಿಯಿಂದ ಬಂದಿಳಿದಾಗಲೆಲ್ಲ ಅಪ್ಪ ನಮ್ಮನ್ನು ಈ ಹೊಸ್ತಿಲಲ್ಲೇ ನಿಲ್ಲಿಸಿ ಪ್ರಾರ್ಥಿಸುತ್ತಿದ್ದರು. ಅದು ಮುಗಿಯುವವರೆಗೆ ಕುಡಿಯಲು ನೀರೂ ಇಲ್ಲ. ರೈಲಿನ ಡ್ರೈವರನಿಂದ ಹಿಡಿದು ಗಡಿ ಕಾಯುವ ಫೌಜಿಗಳವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಫೌಜಿಗಳ ಭಾಗ ಮಾತ್ರ ಹಿಂದಿಯಲ್ಲಿ. ಎದುರು ಮನೆಯ ಆಂಟಿಯ ಮಗ ಕಾಶ್ಮೀರದಲ್ಲಿದ್ದ. ಅವರಿಗೂ ಅರ್ಥವಾಗಲಿ ಎಂದು.

ಒಮ್ಮೆ ಆ ಭಾಗ ಮುಗಿದದ್ದೇ, ನಮಗಾಗಿ ಚಹಾ ತಂದು ಕಣ್ಣು ಮುಚ್ಚಿ ನಿಂತಿದ್ದ ಆಂಟಿ ಗಟ್ಟಿಯಾಗಿ "ಜೈ ಹಿಂದ್" ಎಂದುಬಿಟ್ಟರು. ಪ್ರಾರ್ಥನೆಯ ನಡುವೆ ಕೆಮ್ಮಿದರೂ ಗದರುವ ಅಪ್ಪ ಈಗೇನು ಮಾಡುತ್ತಾರೋ ಎಂದು ನಾನೂ ಅಕ್ಕನೂ ಒಂದೊಂದು ಕಣ್ಣು ತೆರೆದು ನೋಡಿದೆವು. ಅಪ್ಪ ಕಣ್ಣು ಬಿಡದೆಯೇ, "ಜೈ ಹಿಂದ್. ಆಮೆನ್," ಎಂದರು. ಮುಂದೆ ಪ್ರತಿ ಸಲವೂ ಹಾಗೆಯೇ ಮುಗಿಯುತ್ತಿತ್ತು.

ಇವತ್ತು ಮಕ್ಕಳ ಹಸಿವು ನೋಡಿ ನಾನು ಎರಡೇ ಮಾತಿನಲ್ಲಿ ಆಮೆನ್ ಹೇಳಿದೆ. ಆಂಟಿಯ ಮಗ ನಿವೃತ್ತನಾಗಿ ಮನೆ ಸೇರಿ ವರ್ಷಗಳಾದರೂ, ಎದುರಿನ ಬಾಗಿಲಲ್ಲಿ ಅವರು ಕೋಲೂರಿ, ಕಣ್ಣು ಮುಚ್ಚಿ ನಿಂತೇ ಇದ್ದರು.

"ಬೇಟಾ, ಫೌಜಿಯೋಂ ವಾಲಾ ಬಾಕೀ ಹೈ."

ಮಕ್ಕಳು ನಿಟ್ಟುಸಿರು ಬಿಟ್ಟರು. ನಾನು ಮತ್ತೆ ಕಣ್ಣು ಮುಚ್ಚಿದೆ.