ಛತ್ರಿ ಬಟ್ಟೆಯ ಈಜುಡುಗೆ

ಆ ದಿನ ಹಲವಾಗಲಿನ ಹೊಳೆ ದಂಡೆಯಲ್ಲಿ ನಾನು ಹೇಳಿದ್ದು ಅರ್ಧ ಸತ್ಯ, ನಸೀಮಾ. ಉಳಿದರ್ಧ ನನಗೆ ಗೊತ್ತಿತ್ತು. ಗೊತ್ತಿದ್ದೇ ನುಂಗಿದೆ.

ಮೈಗಂಟಿ ನೀರಿನಲ್ಲಿ ತೇಲಿಸುವ ಹೊಸ ಮಾದರಿಯ ಈಜುಡುಗೆ ತೊಟ್ಟು ಹೊರದೇಶದವರು ದಾಖಲೆ ಮೇಲೆ ದಾಖಲೆ ಮುರಿಯುತ್ತಿದ್ದ ವರ್ಷ ಅದು. ಅಂಥದ್ದು ಇನ್ನು ಕೂಡದು, ಬಟ್ಟೆಯದ್ದೇ ಆಗಬೇಕು, ಹುಡುಗಿಯರಿಗೆ ಭುಜದಿಂದ ಮೊಣಕಾಲಿನವರೆಗೆ ಮಾತ್ರ ಎಂಬ ನಿಯಮ ಬಂದದ್ದನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೆ. ಅದು ಜಾರಿಯಾಗುವುದು ಮುಂದಿನ ಜನವರಿಯಿಂದ ಎಂಬುದನ್ನೂ ಓದಿದ್ದೆ.

ನಿನ್ನ ಉಡುಗೆ ಎಂಥದ್ದೆಂದು ಊರಿಗೇ ಗೊತ್ತಿತ್ತು. ಛತ್ರಿ ರಿಪೇರಿ ಮಾಡುವ ನಿನ್ನ ಅಬ್ಬ, ಮಗಳು ಮೈ ಮುಚ್ಚಿಕೊಂಡೇ ಈಜಲಿ ಎಂದು ಕಪ್ಪು ಛತ್ರಿ ಬಟ್ಟೆಯಲ್ಲಿ ಹೊಲಿದಿದ್ದರು. ನೀರು ಒಳನುಗ್ಗದಂತೆ ಮಣಿಕಟ್ಟಿಗೆ, ಕಣಕಾಲಿಗೆ ಬಿಗಿಯಾದ ಇಲಾಸ್ಟಿಕ್. "ಛತ್ರಿ ಬಂತಲೇ, ಮಳಿ ಬರ್ತೈತಿ" ಎಂದು ಹುಡುಗರು ರೇಗಿಸಿದರೆ, "ಬಂದ್ರ ನನ್ನ ಕೆಳಗ ನಿಲ್ಲಾಕ ಬರಬ್ಯಾಡ್ರಿ ಮತ್ತ" ಎನ್ನುತ್ತಿದ್ದವಳು ನೀನು. ಆ ಬಟ್ಟೆ ನಿನ್ನನ್ನು ತೇಲಿಸುತ್ತಿರಲಿಲ್ಲ, ತಡೆಯುತ್ತಿತ್ತು. ಆದರೂ ಪ್ರತಿ ಸಲ ನನ್ನ ತಂಗಿ ರೇಖಾ ನಿನ್ನ ಹಿಂದೆಯೇ ಉಳಿಯುತ್ತಿದ್ದಳು.

ಅಂದಿನ ಈಜು ಪಂದ್ಯದಲ್ಲಿ ಗೆದ್ದ ಒಬ್ಬಳಿಗೆ ಮಾತ್ರ ಕ್ರೀಡಾ ಹಾಸ್ಟೆಲ್‌ನಲ್ಲಿ ಜಾಗ. ಆಯ್ಕೆ ಮಾಡಲು ಬಂದವರ ಹತ್ತಿರ ಹೋಗಿ, ಇಂಥ ಉಡುಗೆ ನಿಷೇಧವಾಗಿದೆ ಎಂದೆ. ನಾನು ಶಾಲೆಯ ಮೇಡಂ, ಡಿಗ್ರಿ ಓದಿದವಳು — ಅವರು ನಂಬಿದರು. ಮಿರುಗುವ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ತೋಳು ತೆಗೆದು ಮೊಣಕಾಲಿಗೆ ಕತ್ತರಿಸಿದರೆ ಈಜಲಿ, ಇಲ್ಲದಿದ್ದರೆ ಬೇಡ ಎಂದರು.

ನಿನ್ನ ಅಬ್ಬ ನನ್ನ ಮುಖ ನೋಡಿದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು —

"ಓದಿದೋರು ಹೇಳ್ತೀರಂದ್ರ ಖರೇನ ಇರ್ತೈತಿ ಬಿಡ್ರಿ, ಮೇಡಂ."

ಚೀಲದಿಂದ ಕತ್ತರಿ ತೆಗೆದು, ನಿನ್ನೆದುರು ಮಂಡಿಯೂರಿ, ತಮ್ಮ ಕೈಯಾರೆ ಕತ್ತರಿಸಿದರು. ನೀನು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದೆ.

ಅಲ್ಲಿಂದ ಮುಂದಿನದು ಇಷ್ಟು ವರ್ಷವಾದರೂ ನನ್ನೊಳಗೆ ಮುಗಿಯುತ್ತಿಲ್ಲ. ನಡುಹೊಳೆಯಲ್ಲಿ, ಕತ್ತರಿಸಿದ ಬಾಯಿಗಳಿಂದ ನೀರು ನುಗ್ಗಿ ಬಟ್ಟೆ ಚೀಲದಂತೆ ಉಬ್ಬಿ ನಿನ್ನನ್ನು ಕೆಳಗೆಳೆಯಿತು. ನಿನ್ನ ಕೈ ಒಮ್ಮೆ ಮೇಲೆ ಬಂತು. ದಂಡೆಯಲ್ಲಿ ಅದನ್ನು ಮೊದಲು ಕಂಡವಳು ನಾನು. ರೇಖಾ ಆಗಷ್ಟೇ ಮುಂದೆ ಹೋಗಿದ್ದಳು — ನಾನು ಕೂಗಲಿಲ್ಲ. ಎಷ್ಟು ಹೊತ್ತು ಸುಮ್ಮನಿದ್ದೆನೋ... ಕೂಗಿದ್ದು ನಿನ್ನ ಅಬ್ಬ. ಹರಿಗೋಲಿನವನು ಕೂದಲು ಹಿಡಿದು ನಿನ್ನನ್ನು ಮೇಲೆಳೆದುಕೊಂಡ.

ನೀನು ಬದುಕಿದೆ. ಮತ್ತೆ ನೀರಿಗಿಳಿಯಲಿಲ್ಲ. ರೇಖಾ ಹಾಸ್ಟೆಲ್ ಸೇರಿದಳು.

ನಡುಗುತ್ತಿದ್ದ ನಿನಗೆ ಹೆಂಗಸರು ಸೀರೆ ಅಡ್ಡ ಹಿಡಿದು ಬಟ್ಟೆ ಬದಲಿಸುವಾಗ, ಅಬ್ಬ ದೂರದಲ್ಲಿ ನಿಂತು, "ನನ್ನ ಹೊಲಿಗಿ ಎಲ್ಲೋ ಬಿಟ್ಟಿತ್ತು, ಮೇಡಂ. ನನ್ನಿಂದಾನ ಆತಿದು" ಎಂದರು. ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿಲ್ಲ — ಅವರು ಹೌದೆಂದೇ ತಿಳಿದರು. ಆಮೇಲೆ ಅವರು ನಿನಗೆಂದು ಏನನ್ನೂ ಹೊಲಿಯಲಿಲ್ಲವಂತೆ. ಈಗ ಅವರೂ ಇಲ್ಲ.

ಆ ಒದ್ದೆ ಉಡುಗೆಯನ್ನು ಹಿಂಡಿ ಮಡಚಿಟ್ಟವಳು ನಾನೇ, ನಸೀಮಾ. ಹೊಲಿಗೆ ಒಂದೂ ಬಿಟ್ಟಿರಲಿಲ್ಲ.